ಓಟ್ಸ್ ಬಟ್ಟಲಿಗೆ ಜೇನು ಸುರಿಯುವವರಿಗೆ

"ದಿನಾ ಬೆಳಿಗ್ಗೆ ಓಟ್ಸೇ ತಿನ್ನೋದು ಮೇಡಂ, ಆದ್ರೂ ಶುಗರ್ ಇಳೀತಾ ಇಲ್ಲ." ಆಹಾರ ಸಲಹೆಗೆಂದು ಬರುವ ಮಧುಮೇಹಿಗಳಿಂದ ನಾನು ಪದೇ ಪದೇ ಕೇಳುವ ದೂರು ಇದು. ನಾನು ತಿರುಗಿ ಕೇಳುವುದು ಒಂದೇ: ಅದಕ್ಕೆ ಏನೇನು ಹಾಕ್ಕೋತೀರಿ?

ನಿವೃತ್ತ ಮೇಷ್ಟ್ರೊಬ್ಬರು ಈ ಪ್ರಶ್ನೆಗೆ ಹೆಂಡತಿಯ ಮುಖ ನೋಡಿದರು. ಆಯಮ್ಮ ಹೆಮ್ಮೆಯಿಂದಲೇ ಹೇಳಿದರು: "ಸಪ್ಪೆ ಆದ್ರೆ ಇವರಿಗೆ ಇಳಿಯಲ್ಲ. ಎರಡು ದೊಡ್ಡ ಚಮಚ ಜೇನುತುಪ್ಪ, ನಾಲ್ಕು ಖರ್ಜೂರ, ಒಂದು ಹಿಡಿ ಒಣದ್ರಾಕ್ಷಿ. ಸಕ್ಕರೆ ಮಾತ್ರ ಮುಟ್ಟಲ್ಲ." ಮೇಷ್ಟ್ರು ಕಾಫಿಗೂ ಸಕ್ಕರೆ ಬಿಟ್ಟು ವರ್ಷಗಳಾಗಿವೆಯಂತೆ. ಪಾಪ, ಎಂಥಾ ತ್ಯಾಗ!

ಲೆಕ್ಕ ಹಾಕೋಣ. 40 ಗ್ರಾಂ ಓಟ್ಸ್‌ನಲ್ಲಿ ಸುಮಾರು 27 ಗ್ರಾಂ ಪಿಷ್ಟ, ಸಕ್ಕರೆ ಎಲ್ಲ ಸೇರಿದ ಕಾರ್ಬೋಹೈಡ್ರೇಟ್ ಇದೆ. ಎರಡು ದೊಡ್ಡ ಚಮಚ ಜೇನಿನಲ್ಲೇ ಅದಕ್ಕಿಂತ ಜಾಸ್ತಿ ಸಕ್ಕರೆ ಇರುತ್ತದೆ, ಸುಮಾರು 34 ಗ್ರಾಂ. ಖರ್ಜೂರ, ದ್ರಾಕ್ಷಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಮೇಷ್ಟ್ರು ತಿನ್ನುತ್ತಿದ್ದದ್ದು ಓಟ್ಸ್ ಹಾಕಿದ ಸಿಹಿ ತಿಂಡಿ.

"ಜೇನು ನೈಸರ್ಗಿಕ ಅಲ್ವಾ ಮೇಡಂ?" ಹೌದು. ಕಬ್ಬೂ ನೈಸರ್ಗಿಕವೇ. ಜೇನಿನಲ್ಲಿ ಶೇಕಡಾ 80ರಷ್ಟು ಸಕ್ಕರೆಯೇ, ಹೆಚ್ಚಾಗಿ ಗ್ಲೂಕೋಸ್ ಮತ್ತು ಫ್ರಕ್ಟೋಸ್. ಬೆಲ್ಲವೂ ಬಹುಪಾಲು ಸಕ್ಕರೆಯೇ. ಖರ್ಜೂರದಲ್ಲಿ ನಾರು ಇದೆ, ನಿಜ. ಆದರೆ ಒಣಗಿದ ಹಣ್ಣಿನಲ್ಲಿ ನೀರು ಕಮ್ಮಿ, ಹಾಗಾಗಿ ಒಂದು ಹಿಡಿಯಲ್ಲೇ ಸಕ್ಕರೆ ಬೇಕಾದಷ್ಟು. ಜೇನು, ಬೆಲ್ಲ, ಖರ್ಜೂರ, ಒಣದ್ರಾಕ್ಷಿ, ಈ ನಾಲ್ಕೂ ಸಿಹಿಯ ಲೆಕ್ಕಕ್ಕೇ ಬರಬೇಕು. ಇದನ್ನು ಎಷ್ಟು ಸಲ ಹೇಳಿದರೂ ಮುಂದಿನ ಭೇಟಿಯಲ್ಲಿ "ಜೇನು ಬಿಟ್ಟೆ, ಬೆಲ್ಲ ಹಾಕ್ತಿದೀನಿ" ಅನ್ನುವವರಿದ್ದಾರೆ!

ಓಟ್ಸ್‌ನಲ್ಲಿ ವಿಶೇಷ ಇರುವುದು ಬೀಟಾ ಗ್ಲೂಕಾನ್ ಎಂಬ ನಾರಿನಲ್ಲಿ. ಬೇಯಿಸಿದಾಗ ಲೋಳೆಯಾಗುತ್ತಲ್ಲ, ಅದೇ. ಅದು ಜೀರ್ಣವನ್ನು ನಿಧಾನ ಮಾಡುತ್ತದೆ, ಕೆಟ್ಟ ಕೊಲೆಸ್ಟ್ರಾಲನ್ನೂ ಸ್ವಲ್ಪ ಇಳಿಸುತ್ತದೆ. ಆದರೆ ಕೊಲೆಸ್ಟ್ರಾಲ್ ಇಳಿಸಲು ದಿನಕ್ಕೆ 3 ಗ್ರಾಂ ಬೇಕು, 40 ಗ್ರಾಂ ಓಟ್ಸ್‌ನಲ್ಲಿ ಸಿಗುವುದು ಹೆಚ್ಚುಕಡಿಮೆ ಅದರ ಅರ್ಧ. ಔಷಧಿ ನಿಲ್ಲಿಸುವಷ್ಟು ಮಹಿಮೆ ಇದಕ್ಕಿಲ್ಲ.

ನಾನು ಹೇಳಿಕೊಡುವುದು ಇಷ್ಟೇ. ಬಿಸಿನೀರು ಹಾಕಿದರೆ ಸಾಕು ಅನ್ನುವ ಪುಡಿಪುಡಿ ಓಟ್ಸ್ ಬೇಡ, ಅದು ಬೇಗ ಜೀರ್ಣವಾಗಿ ಸಕ್ಕರೆಯನ್ನೂ ಬೇಗ ಏರಿಸುತ್ತದೆ. ದಪ್ಪ ಅವಲಕ್ಕಿಯಂತಿರುವುದನ್ನು ತನ್ನಿ. ಒಂದು ಲೋಟ ನೀರು, ಅರ್ಧ ಲೋಟ ಹಾಲು, ಚಿಟಿಕೆ ಉಪ್ಪು, ಸಣ್ಣ ಉರಿ. ಉಪ್ಪನ್ನು ಮರೆಯಬೇಡಿ, ಸಪ್ಪೆ ಅನ್ನಿಸುವುದು ಅರ್ಧ ಅದು ಇಲ್ಲದ್ದಕ್ಕೇ. ಇಳಿಸುವಾಗ ಚಕ್ಕೆ ಪುಡಿ ಅಥವಾ ಏಲಕ್ಕಿ. ಮೇಲೆ ಅರ್ಧ ಸೇಬು ಅಥವಾ ಸೀಬೆಹಣ್ಣು, ಹೆಚ್ಚಿದ್ದು, ರುಬ್ಬಿದ್ದಲ್ಲ. ಬಾದಾಮಿ ದುಬಾರಿ ಅಂತ ಕೊರಗಬೇಡಿ. ಹುರಿದ ಕಡ್ಲೆಕಾಯಿ ಬೀಜ ಒಂದು ಸಣ್ಣ ಹಿಡಿ ಹಾಕಿ, ಏನೂ ಕಮ್ಮಿಯಿಲ್ಲ. ಬಾಳೆಹಣ್ಣೇ ಬೇಕೆಂದರೆ ಅರ್ಧ ಏಲಕ್ಕಿ ಬಾಳೆ, ಅದೂ ಬೇರೆ ಹಣ್ಣಿನ ಬದಲಿಗೆ.

ಕಿಡ್ನಿ ತೊಂದರೆ ಇದ್ದವರು ಹಣ್ಣು, ಬೀಜದ ಪ್ರಮಾಣವನ್ನು ಡಾಕ್ಟರನ್ನು ಕೇಳಿಯೇ ಇಟ್ಟುಕೊಳ್ಳಿ. ಇನ್ಸುಲಿನ್ ತಗೊಳ್ಳುವವರು ಜೇನು, ಖರ್ಜೂರವನ್ನು ಒಮ್ಮೆಲೇ ಬಿಡುವ ಮುಂಚೆಯೂ ಕೇಳಿ, ಸಕ್ಕರೆ ತೀರಾ ಇಳಿದೀತು.

ಮೇಷ್ಟ್ರು ಇದನ್ನು ಕೆಲವು ದಿನ ತಿಂದು ನೋಡಿದರು. ಆಮೇಲೆ ಸಂಕೋಚದಿಂದ ಕೇಳಿದರು: "ಇಷ್ಟ ಆಗ್ತಿಲ್ಲ ಮೇಡಂ. ಬಿಟ್ರೆ ತಪ್ಪಾಗುತ್ತಾ?" ಖಂಡಿತಾ ಇಲ್ಲ ಅಂದೆ. ಈಗ ಅವರ ತಿಂಡಿ ತರಕಾರಿ ಜಾಸ್ತಿ, ರವೆ ಕಮ್ಮಿ ಇರುವ ಉಪ್ಪಿಟ್ಟು, ಜೊತೆಗೆ ಒಂದು ಬಟ್ಟಲು ಮೊಳಕೆಕಾಳು.