'ಬೇಸಿಕ್‌ನಿಂದ್ಲೇ ಶುರು ಮಾಡ್ಸಿ ಮೇಡಂ' ಅನ್ನುವವರಿಗೆ

ಕ್ಯಾಲಿಫೋರ್ನಿಯಾದ ಒಂದು ಕಮ್ಯೂನಿಟಿ ಕಾಲೇಜಿನಲ್ಲಿ ನಾನು ಕೌನ್ಸೆಲರ್. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾ ಆದ್ದರಿಂದ ಕನ್ನಡದವರು ಬರುತ್ತಲೇ ಇರುತ್ತಾರೆ. ಹೈಸ್ಕೂಲ್ ಮುಗಿಸಿದ ಮಕ್ಕಳು, ಅವರ ಹಿಂದೆಯೇ ಅಪ್ಪ ಅಮ್ಮ, ಗಂಡನ ಕೆಲಸದ ವೀಸಾದ ಜೊತೆ ಸಿಗುವ ಎಚ್-4 ವೀಸಾದಲ್ಲಿ ಬಂದು ಮತ್ತೆ ಓದೋಣ ಅಂದುಕೊಂಡ ಹೆಣ್ಣುಮಕ್ಕಳು. ಸ್ವಲ್ಪ ಹೊತ್ತು ಮಾತಾಡಿದ ಮೇಲೆ ಬಹಳ ಜನ ಒಂದೇ ಮಾತಿಗೆ ಬರುತ್ತಾರೆ. "ಮ್ಯಾತ್ಸ್ ಬೇಸಿಕ್‌ನಿಂದ್ಲೇ ಶುರು ಮಾಡ್ಸಿ ಮೇಡಂ, ಫೌಂಡೇಶನ್ ಗಟ್ಟಿ ಆಗ್ಲಿ."

ಕೇಳೋಕೆ ಚೆನ್ನಾಗಿದೆ. ಆದರೂ ನಾನು ಬೇಡ ಅನ್ನುತ್ತೇನೆ.

ಇಲ್ಲಿನ ವ್ಯವಸ್ಥೆ ಗೊತ್ತಿಲ್ಲದವರಿಗೆ ಎರಡು ಮಾತು. ರಾಜ್ಯದಲ್ಲಿ 116 ಕಮ್ಯೂನಿಟಿ ಕಾಲೇಜುಗಳಿವೆ. ಸ್ಥಳೀಯರಿಗೆ ಒಂದು ಕ್ರೆಡಿಟ್ ಯೂನಿಟ್‌ಗೆ 46 ಡಾಲರ್ ಫೀ. ಎರಡು ವರ್ಷ ಇಲ್ಲಿ ಓದಿ, ಉಳಿದದ್ದಕ್ಕೆ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗಬಹುದು. ಓದಲೆಂದೇ ಬರುವ ಎಫ್-1 ವೀಸಾದವರಿಗೆ ಫೀ ಇದರ ಹಲವು ಪಟ್ಟು ಜಾಸ್ತಿ. ಎಚ್-4 ಇದ್ದು ರಾಜ್ಯದಲ್ಲಿ ಒಂದು ವರ್ಷಕ್ಕೂ ಮೇಲೆ ನೆಲೆಸಿದ್ದರೆ ಸ್ಥಳೀಯರ ಫೀ ಕೇಳಬಹುದು. ಎಷ್ಟೋ ಜನ ಇದನ್ನು ಕೇಳುವುದೇ ಇಲ್ಲ.

ಈಗ ಬೇಸಿಕ್ ವಿಷಯ. ಮೊದಲು ಕಾಲೇಜಿಗೆ ಸೇರಿದ ಕೂಡಲೇ ಕಂಪ್ಯೂಟರ್ ಮುಂದೆ ಕೂರಿಸಿ ಒಂದು ಪರೀಕ್ಷೆ ಕೊಡುತ್ತಿದ್ದರು. ಕಂಪಾಸ್, ಆಕ್ಯುಪ್ಲೇಸರ್ ಅಂತ ಹೆಸರು. ಅದರ ಅಂಕ ನೋಡಿ ಯಾವ ಕ್ಲಾಸ್ ಅಂತ ತೀರ್ಮಾನ. ಅಂದು ಜ್ವರ ಇದ್ದರೆ, ಆಲ್ಜೀಬ್ರಾ ಮರೆತಿದ್ದರೆ, ಕಾಲೇಜು ಮಟ್ಟಕ್ಕಿಂತ ಮೂರು ಹಂತ ಕೆಳಗೆ. ಆ ಕೆಳಗಿನ ಕ್ಲಾಸುಗಳಿಗೆ ದುಡ್ಡು ಕಟ್ಟಬೇಕು, ಪರೀಕ್ಷೆ ಬರೆಯಬೇಕು, ಆದರೆ ಟ್ರಾನ್ಸ್‌ಫರ್ ಲೆಕ್ಕಕ್ಕೆ ಅದು ಬರುವುದಿಲ್ಲ.

ಒಂದು ಸಣ್ಣ ಲೆಕ್ಕ ಹಾಕಿ. ಮೂರು ಹಂತ ಕೆಳಗಿನಿಂದ ನೂರು ಜನ ಶುರು ಮಾಡಿದರು ಅಂತಿಟ್ಟುಕೊಳ್ಳಿ. ಪ್ರತಿ ಕ್ಲಾಸಿನಲ್ಲೂ ನೂರಕ್ಕೆ ಎಪ್ಪತ್ತು ಪಾಸು. ಪಾಸಾದವರೆಲ್ಲ ಮುಂದಿನ ಕ್ಲಾಸಿಗೆ ಬಂದೇ ಬಂದರು. ಮೊದಲ ಕ್ಲಾಸ್ ಮುಗಿದಾಗ 70, ಆಮೇಲೆ 49, ಆಮೇಲೆ 34. ನಿಜವಾಗಿ ಬೇಕಾಗಿದ್ದ ಕಾಲೇಜು ಮಟ್ಟದ ಗಣಿತ ದಾಟುವುದು 24 ಜನ. ನಡುವೆ ಯಾರಿಗೂ ಕೆಲಸ ಸಿಗಲಿಲ್ಲ, ಯಾರಿಗೂ ಮಗು ಹುಟ್ಟಲಿಲ್ಲ, ಯಾರ ಕಾರೂ ಕೆಡಲಿಲ್ಲ ಅಂದುಕೊಂಡರೆ ಈ ಲೆಕ್ಕ! ಬುನಾದಿ ಗಟ್ಟಿ ಮಾಡುತ್ತಲೇ ಮನೆ ಕಟ್ಟುವ ವರ್ಷ ಮುಗಿದು ಹೋಗುತ್ತದೆ.

ಕೊಲಂಬಿಯಾ ಯೂನಿವರ್ಸಿಟಿಯ ಸಂಶೋಧಕರು 2012ರಲ್ಲಿ ಇಂಥ ಪರೀಕ್ಷೆಗಳನ್ನು ಹಿಡಿದು ನೋಡಿದರು. ಗಣಿತ ಬರೆದವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು, ಇಂಗ್ಲಿಷ್‌ನಲ್ಲಿ ಮೂವರಲ್ಲಿ ಒಬ್ಬರು ತೀರಾ ತಪ್ಪು ಕ್ಲಾಸಿಗೆ ಹೋಗಿದ್ದರು. ಅದರಲ್ಲೂ ಮೇಲೆ ಕೂರಬೇಕಾದವರನ್ನು ಕೆಳಗೆ ಕೂರಿಸಿದ್ದೇ ಜಾಸ್ತಿ. ಒಂದು ಮಧ್ಯಾಹ್ನದ ಪರೀಕ್ಷೆಗಿಂತ ನಾಲ್ಕು ವರ್ಷದ ಹೈಸ್ಕೂಲ್ ಗ್ರೇಡುಗಳೇ ಹೆಚ್ಚು ಸರಿಯಾಗಿ ಹೇಳುತ್ತಿದ್ದವು. ಕ್ಯಾಲಿಫೋರ್ನಿಯಾ 2017ರಲ್ಲಿ ಎಬಿ 705 ಅನ್ನುವ ಕಾನೂನು ತಂದಿತು. ಈಗ ನಾವು ಹೈಸ್ಕೂಲಿನ ಗ್ರೇಡ್ ನೋಡಿ ನೇರವಾಗಿ ಕಾಲೇಜು ಮಟ್ಟಕ್ಕೆ ಕಳಿಸುತ್ತೇವೆ. ಕಷ್ಟ ಆಗಬಹುದು ಅನ್ನಿಸಿದರೆ ಅದರ ಜೊತೆಗೇ ಒಂದು ಸಪೋರ್ಟ್ ಕ್ಲಾಸ್. ಸ್ಟ್ಯಾಟಿಸ್ಟಿಕ್ಸ್ ಪಾಠ ಆದಮೇಲೆ, ಅದಕ್ಕೆ ಬೇಕಾದ ಆಲ್ಜೀಬ್ರಾವನ್ನು ಅದೇ ವಾರ ಹೇಳಿಕೊಡುತ್ತಾರೆ.

2022ರ ಎಬಿ 1705 ಇನ್ನೂ ಮುಂದೆ ಹೋಯಿತು. ಇಂಜಿನಿಯರಿಂಗ್ ಕಡೆ ಹೊರಟವರನ್ನು ಆದಷ್ಟು ನೇರ ಕ್ಯಾಲ್ಕುಲಸ್‌ಗೇ ಕೂರಿಸಿ ಅನ್ನುತ್ತದೆ. ಗಣಿತದ ಮೇಷ್ಟ್ರುಗಳಲ್ಲೇ ಇದಕ್ಕೆ ಒಮ್ಮತ ಇಲ್ಲ. ಟ್ರಿಗನಾಮೆಟ್ರಿಯ ಮುಖವನ್ನೇ ನೋಡದ ಹುಡುಗನನ್ನು ಅಲ್ಲಿಗೆ ಕಳಿಸಲು ನನಗೂ ಮನಸ್ಸು ಹಿಂಜರಿಯುತ್ತದೆ. ಆದರೆ ಪಿಯುಸಿಯಲ್ಲಿ ಪಿಸಿಎಂ ಮಾಡಿದವರ ವಿಷಯದಲ್ಲಿ ಆ ಹಿಂಜರಿಕೆ ಸುಮ್ನೆ.

ಹಾಸನದ ಕಡೆಯ ಒಬ್ಬರು ಬಂದಿದ್ದರು. ಬಿಇ ಆಗಿತ್ತು, ಆಮೇಲೆ ಹನ್ನೊಂದು ವರ್ಷ ಪುಸ್ತಕ ಮುಟ್ಟಿರಲಿಲ್ಲ. ಪಿಯುಸಿ ಮಾರ್ಕ್ಸ್ ಕಾರ್ಡ್ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿತ್ತು. ಗಣಿತದಲ್ಲಿ ಒಳ್ಳೆಯ ಅಂಕ. ಆದರೂ ಕೇಳಿದ್ದು ಆಲ್ಜೀಬ್ರಾ. ಇಲ್ಲಿನ ಹೈಸ್ಕೂಲ್ ದಾಖಲೆ ಇಲ್ಲದವರಿಗೆ, ಮಾದರಿ ಲೆಕ್ಕ ನೋಡಿ ತಾವೇ ಮಟ್ಟ ಆರಿಸಿಕೊಳ್ಳುವ ದಾರಿ ಇದೆ. ಲೆಕ್ಕದ ಹಾಳೆ ಕೊಟ್ಟೆ. ಎಕ್ಸ್ ಸ್ಕ್ವೇರ್ ಸೈನ್ ಎಕ್ಸ್‌ನ ಡಿಫರೆನ್ಶಿಯೇಶನ್ ನೋಡಿ "ಅಯ್ಯೋ, ಎಲ್ಲಾ ಮರ್ತೋಗಿದೆ" ಅಂದರು. ಪೆನ್ನು ತಿರುಗಿಸುತ್ತಾ ಕೂತರು. ಆಮೇಲೆ ಪ್ರಾಡಕ್ಟ್ ರೂಲ್ ತಾನಾಗಿಯೇ ಹಾಳೆಯ ಮೇಲೆ ಬಂತು. ಮುಂದಿನ ಲೆಕ್ಕದಲ್ಲಿ ಚೈನ್ ರೂಲ್ ಬಿಟ್ಟರು, ಪರವಾಗಿಲ್ಲ. ಮುಂದೆ ಏನು ಮಾಡಬೇಕು ಅಂದಾಗ ಡೇಟಾ ಅನಾಲಿಟಿಕ್ಸ್ ಸರ್ಟಿಫಿಕೇಟ್ ಅಂದರು. ಅವರು ಆರಿಸಿದ್ದ ಕೋರ್ಸಿಗೆ ಕ್ಯಾಲ್ಕುಲಸ್ ಕೂಡ ಬೇಕಿರಲಿಲ್ಲ. ನೇರ ಸ್ಟ್ಯಾಟಿಸ್ಟಿಕ್ಸ್‌ಗೆ ಹಾಕಿದೆ. ಯಾವ ಮಟ್ಟ ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಯಾವ ಗಣಿತ ಅಂತ ಕೇಳಬೇಕು.

ಅದಕ್ಕೆ ಉತ್ತರ ಅಸಿಸ್ಟ್ ಅನ್ನುವ ವೆಬ್‌ಸೈಟಿನಲ್ಲಿದೆ. ನಿಮ್ಮ ಕಾಲೇಜಿನ ಯಾವ ಕೋರ್ಸು ರಾಜ್ಯದ ಯಾವ ಸರ್ಕಾರಿ ಯೂನಿವರ್ಸಿಟಿಯಲ್ಲಿ ಯಾವುದಕ್ಕೆ ಸಮ ಅಂತ ಅಲ್ಲಿ ತೋರಿಸುತ್ತದೆ. ಎಲ್ಲರಿಗೂ ಉಚಿತ. ಇದನ್ನು ನೋಡದೆ ಕಾಲೇಜು ಬದಲಿಸುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಡಿ ಆಂಜಾ, ಫುಟ್‌ಹಿಲ್ ಕಾಲೇಜುಗಳಲ್ಲಿ ಕ್ವಾರ್ಟರ್ ಪದ್ಧತಿ, ಅಂದರೆ ಸೆಮಿಸ್ಟರಿಗಿಂತ ಚಿಕ್ಕ ಟರ್ಮುಗಳು. ಹತ್ತಿರದ ಓಲೋನಿ, ಮಿಷನ್ ಕಾಲೇಜುಗಳಲ್ಲಿ ಸೆಮಿಸ್ಟರ್. ಡಿ ಆಂಜಾದಲ್ಲಿ ಕ್ಯಾಲ್ಕುಲಸ್ ನಾಲ್ಕು ಕೋರ್ಸಾಗಿ ಒಡೆದಿದೆ. ಸೆಮಿಸ್ಟರ್ ಕಾಲೇಜಿನಲ್ಲಿ ಅದೇ ಪಾಠ ಮೂರರಲ್ಲಿ ಮುಗಿಯುತ್ತದೆ. ಎರಡು ಇಲ್ಲಿ ಮಾಡಿ, ಉಳಿದದ್ದು ಅಲ್ಲಿ ಮಾಡೋಣ, ಪಾರ್ಕಿಂಗ್ ಸುಲಭ ಅಂತ ಹೊರಟರೆ ನಡುವಿನ ಅಧ್ಯಾಯಗಳು ಎರಡೂ ಕಡೆ ಸಿಗದೆ ಹೋಗಬಹುದು. ಸರಣಿ ಎಲ್ಲಿ ಶುರುವಾಯಿತೋ ಅಲ್ಲೇ ಮುಗಿಸಿ.

ಇನ್ನು ಆತುರದವರು. ಮಗ ಹತ್ತನೇ ಕ್ಲಾಸು, ಬೇಸಿಗೆ ರಜೆ, ಕಾಲೇಜು ಕ್ಯಾಲ್ಕುಲಸ್ ಮಾಡಿಬಿಡಲಿ ಅನ್ನುತ್ತಾರೆ. ಹೈಸ್ಕೂಲ್ ಮಕ್ಕಳಿಗೆ ಫೀಯೂ ಸಾಮಾನ್ಯವಾಗಿ ಇಲ್ಲವಲ್ಲ. ಮಗುವಿಗೆ ಆಸೆ ಇದ್ದರೆ ಖಂಡಿತ ಮಾಡಲಿ. ಆದರೆ ಅಲ್ಲಿ ಬಂದ 'ಡಿ' ಕಾಲೇಜು ಟ್ರಾನ್ಸ್‌ಕ್ರಿಪ್ಟಿನಲ್ಲಿ ಕೂರುತ್ತದೆ. ಮುಂದೆ ಎಲ್ಲಿಗೆ ಅರ್ಜಿ ಹಾಕಿದರೂ ತೋರಿಸಲೇಬೇಕು. ತಡವಾಗಿ ಕೋರ್ಸ್ ಬಿಟ್ಟರೆ 'ಡಬ್ಲ್ಯೂ' (ವಿತ್‌ಡ್ರಾ) ಬೀಳುತ್ತದೆ, ಅದೂ ಒಂದು ಪ್ರಯತ್ನದ ಲೆಕ್ಕ. ಒಂದೇ ಕೋರ್ಸಿಗೆ ಸಾಮಾನ್ಯವಾಗಿ ಮೂರು ಸಲ ಮಾತ್ರ ಸೇರಬಹುದು. ಇನ್ನೊಂದು ವಿಷಯ, ಕಾಲೇಜಿಗೆ ಸೇರಿದ ಮೇಲೆ ಹದಿನೈದು ವರ್ಷದ ಹುಡುಗನೇ ಆದರೂ ದಾಖಲೆಯ ಹಕ್ಕು ಅವನದು. ಅವನ ಒಪ್ಪಿಗೆ ಇಲ್ಲದೆ ಗ್ರೇಡ್ ಎಷ್ಟು ಅಂತ ಅಪ್ಪನಿಗೆ ಫೋನಿನಲ್ಲಿ ಸಾಮಾನ್ಯವಾಗಿ ಹೇಳುವಂತಿಲ್ಲ, ಅಮೆರಿಕದ ಕಾನೂನೇ ಹಾಗೆ. "ಅವ್ನ ಅಪ್ಪ ನಾನು ಅಲ್ವಾ?" ಅಂತ ಕೇಳುತ್ತಾರೆ. ಹೌದು, ನೀವೇ. ಆದರೂ ಹೇಳುವಂತಿಲ್ಲ.

ಟ್ರಾನ್ಸ್‌ಫರ್ ದಿನಾಂಕಗಳನ್ನು ಮನೆಯ ಕ್ಯಾಲೆಂಡರಿನಲ್ಲಿ ಈಗಲೇ ಬರೆದಿಡಿ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್, ಈ ಆರು ಯೂಸಿಗಳು (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್ಸುಗಳು) ಷರತ್ತು ಪೂರೈಸಿದವರಿಗೆ ಸೀಟಿನ ಖಾತ್ರಿ ಕೊಡುತ್ತವೆ. ಟ್ಯಾಗ್ ಅಂತ ಅದಕ್ಕೆ ಹೆಸರು. ಒಂದಕ್ಕೆ ಮಾತ್ರ ಹಾಕಬಹುದು. ಎಲ್ಲ ಮುಖ್ಯ ವಿಷಯಗಳಿಗೂ, ಅಂದರೆ ಮೇಜರ್‌ಗಳಿಗೂ ಇಲ್ಲ. ಬರ್ಕ್ಲಿ, ಯೂಸಿಎಲ್‌ಎ, ಸ್ಯಾನ್ ಡಿಯಾಗೊ ಇದರಲ್ಲಿ ಇಲ್ಲ. ಅರ್ಜಿ ಸೆಪ್ಟೆಂಬರ್ 1ರಿಂದ 30ರ ಒಳಗೆ. ಎರಡು ವರ್ಷದಲ್ಲಿ ಹೋಗಬೇಕು ಅಂದರೆ ಎರಡನೇ ವರ್ಷದ ಶುರುವಿನಲ್ಲೇ ಈ ಅರ್ಜಿ, ಅಂದರೆ ನೀವು ಸೇರಿ ಹೆಚ್ಚುಕಡಿಮೆ ಒಂದು ವರ್ಷವಷ್ಟೇ ಆಗಿರುತ್ತದೆ. ಆ ವರ್ಷದಲ್ಲಿ ಎರಡು ಟರ್ಮ್ ಆಲ್ಜೀಬ್ರಾಕ್ಕೆ ಹೋದರೆ ಮೇಜರ್‌ಗೆ ಬೇಕಾದ ಗಣಿತ ಸಮಯಕ್ಕೆ ಮುಗಿಯುವುದು ಕಷ್ಟ.

ಕ್ಲಾಸ್ ಶುರುವಾಗುವ ವಾರ ನಮ್ಮ ಬಾಗಿಲ ಮುಂದೆ ಉದ್ದ ಕ್ಯೂ ಇರುತ್ತದೆ, ಒಬ್ಬೊಬ್ಬರಿಗೆ ಸಿಗುವುದು ಹತ್ತೇ ನಿಮಿಷ. ಅಕ್ಟೋಬರ್‌ನಲ್ಲಿ ಬನ್ನಿ, ಪೂರ್ತಿ ಎರಡು ವರ್ಷದ ಪ್ಲಾನ್ ಕೂತು ಮಾಡಬಹುದು. ಬರುವಾಗ ಹೈಸ್ಕೂಲ್ ಟ್ರಾನ್ಸ್‌ಕ್ರಿಪ್ಟ್, ಎಪಿ (ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ) ಅಂಕ ತನ್ನಿ. ಊರಲ್ಲಿ ಓದಿದವರಾದರೆ ಪಿಯುಸಿ ಮಾರ್ಕ್ಸ್ ಕಾರ್ಡ್ ಮತ್ತು ಸಿಲಬಸ್ ಸಿಕ್ಕಿದರೆ ಅದೂ ಇರಲಿ.