ಶಹಾಬಾದ ಹಿಡಿದುಕೊಂಡು ನಗರಸಭೆ ಪಾಠ ಓದಿದ್ದು

ಪರೀಕ್ಷೆಗೆ ಅಂತ ಸಂವಿಧಾನದ 74ನೇ ತಿದ್ದುಪಡಿ (ನಗರ ಸ್ಥಳೀಯ ಸಂಸ್ಥೆಗಳದ್ದು), 12ನೇ ಅನುಸೂಚಿ, ಅದರಲ್ಲಿ ಆ ಸಂಸ್ಥೆಗಳ 18 ವಿಷಯ ಅಂತ ರಾತ್ರಿ ಬಾಯಿಪಾಠ ಮಾಡುವುದು, ಮುಂಜಾನೆ ಎದ್ದರೆ ಮರೆತಿರುವುದು. ನಿಮಗೂ ಹೀಗೇ ಆಗಿರಬೇಕು, ಅಲ್ವಾ? ಕೊನೆಗೆ ನಾನು ಪಾಠ ಬಿಟ್ಟು ಒಂದು ಊರು ಹಿಡಿದೆ. ಕಲಬುರಗಿಯಿಂದ ವಾಡಿ ಕಡೆ ಹೋಗುವ ರೈಲು ಹತ್ತಿದರೆ ಸ್ವಲ್ಪ ಹೊತ್ತಿಗೆ ಸಿಗುವ ಶಹಾಬಾದ. ಅಲ್ಲಿನ ಒಂದೊಂದು ಸೌಲಭ್ಯ ನೋಡಿ ಎರಡೇ ಪ್ರಶ್ನೆ ಕೇಳಿಕೊಂಡೆ: ಇದನ್ನು ನಡೆಸುವವರು ಯಾರು, ರೊಕ್ಕ ಎಲ್ಲಿಂದ ಬರುತ್ತದೆ?

ಮೊದಲು ಕಲ್ಲಿನ ವಿಷಯ. ಈ ಸೀಮೆಯ ನೆಲದಡಿ ಸುಣ್ಣದಕಲ್ಲು ಕಟಕ ರೊಟ್ಟಿ ಒಟ್ಟಿದ ಹಾಗೆ ಪದರ ಪದರವಾಗಿ ಕೂತಿದೆ. ಭೂವಿಜ್ಞಾನದವರು ಭೀಮಾ ಗುಂಪಿನ ಶಿಲೆ ಅನ್ನುತ್ತಾರೆ, ನಾವು ಪರಸಿ ಅನ್ನುತ್ತೇವೆ. ಪದರದ ಸಂದಿಗೆ ಹಾರೆ ಕೊಟ್ಟು ಎಬ್ಬಿಸಿದರೆ ಹಲಗೆಯಾಗಿಯೇ ಏಳುತ್ತದೆ, ಹಾಗಾಗಿ ನೆಲಕ್ಕೂ ಇದೇ, ಮನೆ ಮುಂದಿನ ಕಟ್ಟೆಗೂ ಇದೇ, ಎಷ್ಟೋ ಹಳೆ ಮನೆಗಳ ಮಾಳಿಗೆಗೂ ಇದೇ. ಚಿತ್ತಾಪುರ, ಸೇಡಂ ಕಡೆ ತೆಗೆದ ಕಲ್ಲಿಗೂ ಶಹಾಬಾದಿ ಕಲ್ಲು ಅಂತಲೇ ಹೆಸರು. ರೈಲಿಗೆ ಏರಿಸಿದ ಊರಿನ ಹೆಸರು ಅಂಟಿಕೊಂಡಿರಬೇಕು, ಇದು ನನ್ನ ಊಹೆ, ಪರೀಕ್ಷೆಯಲ್ಲಿ ಬರೆಯಬೇಡಿ.

ರೈಲಿನ ಎರಡು ಇಸವಿ ಮಾತ್ರ ಬರೆದಿಟ್ಟುಕೊಳ್ಳಿ. ಮುಂಬೈ ಕಡೆಯ ಹಳಿ ಕಲಬುರಗಿ, ಶಹಾಬಾದ, ವಾಡಿ ದಾಟಿ ರಾಯಚೂರಿನಲ್ಲಿ ಮದ್ರಾಸಿನ ಹಳಿಗೆ ಕೂಡಿದ್ದು 1871ರಲ್ಲಿ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಗಿದ್ದು 1874ರಲ್ಲಿ. ಕಲ್ಲು ಇತ್ತು, ಸಾಗಿಸಲು ರೈಲು ಬಂತು, ಪಕ್ಕದಲ್ಲೇ ಕಾಗಿಣಾ ನದಿಯ ನೀರು. ಅದೇ ಸುಣ್ಣದಕಲ್ಲನ್ನು ಪುಡಿ ಮಾಡಿ ಸುಟ್ಟರೆ ಸಿಮೆಂಟು. 1920ರ ದಶಕದಲ್ಲಿ ಸಿಮೆಂಟ್ ಕಂಪನಿ ಹುಟ್ಟಿತು, 1936ರಲ್ಲಿ ಅದು ಬೇರೆ ಕಂಪನಿಗಳ ಜೊತೆ ಸೇರಿ ಎಸಿಸಿ (ಅಸೋಸಿಯೇಟೆಡ್ ಸಿಮೆಂಟ್ ಕಂಪನೀಸ್) ಆಯಿತು.

ಇಂಥ ಕಾರ್ಖಾನೆ ಊರು ಒಳಗೇ ಎರಡು ಊರಾಗಿರುತ್ತದೆ. ಕಾಲೊನಿಯ ಒಳಗೆ ನಳ, ದೀಪ, ದವಾಖಾನೆ, ಶಾಲೆ ಎಲ್ಲ ಕಂಪನಿ ಲೆಕ್ಕದಲ್ಲಿ. ಗೇಟಿನ ಹೊರಗೆ ಬಂದರೆ ಅದನ್ನೆಲ್ಲ ಸರಕಾರ, ನಗರಸಭೆ ನೋಡಬೇಕು. ಕಾರ್ಖಾನೆ ಸದ್ದು ನಿಂತ ದಿನ ಒಳಗಿನವರೂ ಹೊರಗಿನ ಸಾಲಿಗೇ ಬಂದು ನಿಲ್ಲುತ್ತಾರೆ. ನನಗೆ ಈ ಪಾಠದ ಅರ್ಧ ಅರ್ಥವಾಗಿದ್ದು ಇದರಿಂದಲೇ.

ರಾಜಕೀಯ ಇತಿಹಾಸ ನಿಮಗೆ ಗೊತ್ತಿರುವುದೇ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು, 1956ರ ನವೆಂಬರ್ 1ಕ್ಕೆ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಶಹಾಬಾದ ಮೊದಲು ಚಿತ್ತಾಪುರ ತಾಲ್ಲೂಕಿನಲ್ಲಿತ್ತು, ಈಗ ತಾನೇ ಒಂದು ತಾಲ್ಲೂಕು.

ಈಗ ಗೊಂದಲದ ಜಾಗ. ಕರ್ನಾಟಕದ 1964ರ ಪುರಸಭೆಗಳ ಕಾಯ್ದೆಯಲ್ಲಿ ಜನಸಂಖ್ಯೆ ಮುಖ್ಯ ಅಳತೆ: 10ರಿಂದ 20 ಸಾವಿರ ಇದ್ದರೆ ಪಟ್ಟಣ ಪಂಚಾಯಿತಿ, 50 ಸಾವಿರದವರೆಗೆ ಪುರಸಭೆ, 3 ಲಕ್ಷದವರೆಗೆ ನಗರಸಭೆ. ಶಹಾಬಾದದಲ್ಲಿರುವುದು ನಗರಸಭೆ. ನಗರಸಭೆಗೆ ಪೌರಾಯುಕ್ತರು, ಕೆಳಗಿನ ಎರಡಕ್ಕೂ ಮುಖ್ಯಾಧಿಕಾರಿ. ಇದನ್ನು ತಿರುಗಾ ಮುರುಗಾ ಮಾಡಿ ಕೇಳುತ್ತಾರೆ, ನಾನು ಒಮ್ಮೆ ತಪ್ಪಿದ್ದೇನೆ.

ಹಾಗಂತ ಊರಲ್ಲಿ ಕಾಣುವುದೆಲ್ಲ ನಗರಸಭೆಯದಲ್ಲ. ಕಸ, ಚರಂಡಿ, ಒಳರಸ್ತೆ, ಖಾತಾ ನಗರಸಭೆಯದು. ಜನನ ಮರಣ ನೋಂದಣಿಯೂ ಅಲ್ಲೇ ಆಗುತ್ತದೆ, 21 ದಿನದೊಳಗೆ ತಿಳಿಸಬೇಕು. ಬಸ್ಸು ಕಲ್ಯಾಣ ಕರ್ನಾಟಕ ಸಾರಿಗೆಯದು, ಸರಕಾರಿ ಶಾಲೆ ಶಿಕ್ಷಣ ಇಲಾಖೆಯದು, ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಇಲಾಖೆಯದು. ನೀರಿನದು ಎರಡು ಕೈಯ ಕೆಲಸ. ದೊಡ್ಡ ಯೋಜನೆ ಕಟ್ಟಲು ಸಾಮಾನ್ಯವಾಗಿ ನೀರು ಸರಬರಾಜು ಮಂಡಳಿ ಬರುತ್ತದೆ, ದಿನಾ ನಳ ಬಿಟ್ಟು ಬಿಲ್ಲು ವಸೂಲಿ ಮಾಡುವ ಕೆಲಸ ಹೆಚ್ಚಿನ ಸಣ್ಣ ಊರುಗಳಲ್ಲಿ ಸ್ಥಳೀಯ ಸಂಸ್ಥೆಗೆ.

ಬೀದಿ ದೀಪದಲ್ಲಿ ನಾನೇ ಮೋಸ ಹೋಗಿದ್ದೆ. ನಮ್ಮ ಓಣಿಯ ಕಂಬದ ದೀಪ ಹತ್ತಲಿಲ್ಲ ಅಂತ ಸುಮ್ನೆ ಕರೆಂಟ್ ಆಫೀಸಿಗೆ ಹೋಗಿ ಸಾಲಲ್ಲಿ ನಿಂತೆ. ಕರೆಂಟ್ ಈ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂ ಕೊಡುವುದು ನಿಜ, ಆದರೆ ಬಲ್ಬು ಹಾಕಿಸುವುದು, ಆ ಬಿಲ್ಲು ಕಟ್ಟುವುದು ನಗರಸಭೆ. ಅರ್ಧ ದಿನ ಹೋಯಿತು, ಉತ್ತರ ಮಾತ್ರ ಜನ್ಮಕ್ಕೆ ಮರೆಯುವುದಿಲ್ಲ.

ಇನ್ನು ರೊಕ್ಕ. ಆಸ್ತಿ ತೆರಿಗೆ ರಸೀದಿಯನ್ನು ಎಂದಾದರೂ ಪೂರ್ತಿ ಓದಿದ್ದೀರಾ? ತೆರಿಗೆಯ ಮೇಲೆ ಬೇರೆ ಬೇರೆ ಕರ ಇರುತ್ತವೆ. ಗ್ರಂಥಾಲಯ ಕರ ತೆರಿಗೆಯ ಶೇ. 6. ಭಿಕ್ಷುಕರ ಪುನರ್ವಸತಿಗೆ ಶೇ. 3. ಇವು ನಗರಸಭೆಯ ಸ್ವಂತ ಆದಾಯ ಅಲ್ಲ. ಅದು ವಸೂಲಿ ಮಾಡಿ ಆಯಾ ಕಡೆ ಮುಟ್ಟಿಸಬೇಕಾದ ರೊಕ್ಕ. ಗ್ರಂಥಾಲಯಕ್ಕೆ 1965ರ ಬೇರೆ ಕಾಯ್ದೆಯೇ ಇದೆ. ಅಂದರೆ 1,000 ರೂಪಾಯಿ ತೆರಿಗೆ ಕಟ್ಟುವ ಮನೆಯಿಂದ 60 ರೂಪಾಯಿ ಗ್ರಂಥಾಲಯದ ಲೆಕ್ಕಕ್ಕೆ. ನಾಳೆ ಓದಲು ಬರುವಾಗ ನಿಮ್ಮ ಮನೆಯ ರಸೀದಿಯ ಜೆರಾಕ್ಸ್ ಒಂದು ತನ್ನಿ, ಉಳಿದ ಸಾಲುಗಳನ್ನು ಅದರಲ್ಲೇ ನೋಡೋಣ.