ರೆಂಟಲ್ ಯೀಲ್ಡ್: ಬಾಡಿಗೆ ಮನೆಯ ಇಳುವರಿ ಲೆಕ್ಕ

ಯೀಲ್ಡ್ ಅಂದರೆ ಇಳುವರಿ. ಹೊಲಕ್ಕೆ ಇಷ್ಟು ಹಾಕಿದೆವು, ಇಷ್ಟು ಫಸಲು ಬಂತು ಅಂತ ಲೆಕ್ಕ ಹಾಕ್ತೀವಲ್ಲ, ಹಾಗೇ. ಮನೆಗೆ ಇಷ್ಟು ದುಡ್ಡು ಹಾಕಿದೆವು, ವರ್ಷಕ್ಕೆ ಬಾಡಿಗೆಯಿಂದ ಅದರ ಶೇಕಡಾ ಎಷ್ಟು ಬಂತು ಅನ್ನುವುದೇ ರೆಂಟಲ್ ಯೀಲ್ಡ್. ಮನೆ ಕೊಂಡು ಬಾಡಿಗೆಗೆ ಬಿಡೋಣ ಅಂತ ಹೊರಟವರು ಮೊದಲು ತಿಳಿಯಬೇಕಾದ ಪದ ಇದು. ಅವರು ಎಡವುವುದೂ ಇಲ್ಲೇ.

ಲೆಕ್ಕ ಸುಲಭವಾಗಲಿ, ಮನೆಯ ಬೆಲೆ 1000 ಅಂದುಕೊಳ್ಳಿ. ಅದರ ಮುಂದೆ ಸಾವಿರವೋ ಲಕ್ಷವೋ ನೀವೇ ಸೇರಿಸಿಕೊಳ್ಳಿ. ತಿಂಗಳ ಬಾಡಿಗೆ 5, ವರ್ಷಕ್ಕೆ 60. ಅಲ್ಲಿಗೆ ಶೇ 6. ಇದಕ್ಕೆ ಗ್ರಾಸ್ ಯೀಲ್ಡ್ ಅಂತಾರೆ. ಮನೆ ಮಾರುವವರು ಹೇಳುವುದು ಸಾಮಾನ್ಯವಾಗಿ ಈ ಅಂಕಿಯನ್ನೇ. ಸುಳ್ಳೇನಲ್ಲ, ಆದರೆ ಅರ್ಧ ಮಾತು.

ಇನ್ನರ್ಧ ನೋಡೋಣ. ನಿಮ್ಮ ಕೈಯಿಂದ ಹೋದದ್ದು ಬರೀ 1000 ಅಲ್ಲ. ನೋಂದಣಿ, ಬ್ರೋಕರ್ ಕಮಿಷನ್, ವಕೀಲರ ಫೀಸು, ಸುಣ್ಣಬಣ್ಣ, ಸೋರುವ ನಲ್ಲಿ ಅಂತ ಇನ್ನೊಂದು 80 ಹೋಗಿರುತ್ತದೆ. ಅಂದರೆ ಹಾಕಿದ್ದು 1080. ಬರುವುದೂ ಪೂರ್ತಿ 60 ಅಲ್ಲ. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಬಿದ್ದರೆ 5 ಹೋಯಿತು. ರಿಪೇರಿಗೆ 6, ತೆರಿಗೆ ಮತ್ತು ವಿಮೆಗೆ 4, ನಿರ್ವಹಣೆಗೆ 4. ಉಳಿದದ್ದು 41. 1080ಕ್ಕೆ 41 ಅಂದರೆ ಸುಮಾರು ಶೇ 3.8. ಇದು ನೆಟ್ ಯೀಲ್ಡ್. ಶೇ 6 ಅಂತ ಕೇಳಿಸಿಕೊಂಡು ಹೋದ ಮನೆ ಇದೇ!

ಬಾಡಿಗೆದಾರರು ಕೊಟ್ಟ ಠೇವಣಿಯನ್ನು ಆದಾಯಕ್ಕೆ ಸೇರಿಸಬೇಡಿ. ಅದು ವಾಪಸ್ ಕೊಡಬೇಕಾದ ದುಡ್ಡು.

ಹೊಸಬರು ಜಾಸ್ತಿ ಮರೆಯುವುದು ಖಾಲಿ ತಿಂಗಳನ್ನು. ಒಂದು ತಿಂಗಳು ಅಂದರೆ ವರ್ಷದ ಬಾಡಿಗೆಯಲ್ಲಿ ಶೇ 8ಕ್ಕೂ ಜಾಸ್ತಿ. ಬಾಡಿಗೆಯನ್ನು 5ರಿಂದ 5.4ಕ್ಕೆ ಏರಿಸಿದಿರಿ ಅಂತಿಟ್ಟುಕೊಳ್ಳಿ. ಒಳ್ಳೆಯ ಬಾಡಿಗೆದಾರರು ಬಿಟ್ಟು ಹೋದರು, ಹೊಸಬರು ಸಿಗಲು ಒಂದು ತಿಂಗಳು ಹಿಡಿಯಿತು. 11 ತಿಂಗಳಿಗೆ ಬಂದದ್ದು 59.4. ಸುಮ್ನೆ ಇದ್ದಿದ್ದರೆ 60 ಬರುತ್ತಿತ್ತು. ಮೇಲಿಂದ ಮತ್ತೆ ಸುಣ್ಣ ಹೊಡೆಸಿದ ಖರ್ಚು ಬೇರೆ. ಹೊತ್ತಿಗೆ ಸರಿಯಾಗಿ ಬಾಡಿಗೆ ಕೊಟ್ಟು ಮನೆ ಚೆನ್ನಾಗಿ ಇಟ್ಟುಕೊಳ್ಳುವವರಿಗೆ ನಾನಾದರೆ ಸ್ವಲ್ಪ ಕಮ್ಮಿ ಬಾಡಿಗೆಗೇ ಬಿಡುತ್ತೇನೆ.

ಇನ್ನು ಸಾಲ. ಬೇರೆ ಬೇರೆ ಮನೆಗಳನ್ನು ಹೋಲಿಸುವಾಗ ಸಾಲವನ್ನು ಬದಿಗಿಟ್ಟೇ ಯೀಲ್ಡ್ ನೋಡುತ್ತಾರೆ. ಕ್ಯಾಪ್ ರೇಟ್ ಅನ್ನುವುದೂ ಹೀಗೆಯೇ: ಖರ್ಚು ಕಳೆದು ಉಳಿದ ಆದಾಯಕ್ಕೂ ಮನೆಯ ಬೆಲೆಗೂ ಇರುವ ಲೆಕ್ಕ. ಆದರೆ ಕಂತು ಕಟ್ಟುವವರು ನೀವು ತಾನೇ? 700 ಸಾಲ ಮಾಡಿ 380 ಕೈಯಿಂದ ಹಾಕಿದಿರಿ ಅಂದುಕೊಳ್ಳಿ. ಬಡ್ಡಿ ಶೇ 8 ಇದ್ದರೆ ಮೊದಲ ವರ್ಷದ ಬಡ್ಡಿಯೇ ಹತ್ತಿರ ಹತ್ತಿರ 56. ಮನೆ ಕೊಡುವುದು 41. ಉಳಿದ 15 ನಿಮ್ಮ ಸಂಬಳದಿಂದ ಹೋಗಬೇಕು, ಅಸಲು ಬೇರೆ. ಅದೇ ಬಡ್ಡಿ ಶೇ 3 ಇದ್ದರೆ 21 ಕಟ್ಟಿ 20 ಉಳಿಯುತ್ತದೆ. ನಿಮ್ಮ 380ಕ್ಕೆ ಅದು ಶೇ 5ಕ್ಕೂ ಮೇಲು. ಮನೆ ಅದೇ, ಬಾಡಿಗೆ ಅದೇ. ನೆಟ್ ಯೀಲ್ಡ್‌ಗಿಂತ ಬಡ್ಡಿ ಕಮ್ಮಿ ಇದ್ದಾಗ ಸಾಲ ನಿಮ್ಮ ಪರ ದುಡಿಯುತ್ತದೆ, ಜಾಸ್ತಿ ಇದ್ದಾಗ ನೀವು ಸಾಲದ ಪರ ದುಡಿಯುತ್ತೀರಿ.

'ಮುಂದೆ ಬೆಲೆ ಏರುತ್ತಲ್ಲ, ಆಗ ಸರಿಹೋಗುತ್ತೆ' ಅನ್ನುವವರು ಇದ್ದಾರೆ. ಏರಬಹುದು. ಆದರೆ ಆ ದುಡ್ಡು ಕೈಗೆ ಬರುವುದು ಮಾರಿದಾಗ. ಕಂತು ಮಾತ್ರ ತಿಂಗಳು ತಿಂಗಳು ಬಾಗಿಲಿಗೆ ಬಂದು ನಿಲ್ಲುತ್ತದೆ.

ಬೆಲೆ ಏರಿದಾಗ ಯೀಲ್ಡ್ ಇನ್ನೊಂದು ಆಟ ಆಡುತ್ತದೆ. ಅದೇ ಮನೆಯ ಬೆಲೆ ಮುಂದೊಂದು ದಿನ 2000 ಆಯಿತು, ಖರ್ಚು ಕಳೆದು ಬರುವ ಬಾಡಿಗೆ 50 ಆಯಿತು ಅನ್ನೋಣ. ಅಂದು ಹಾಕಿದ 1080ಕ್ಕೆ ನೋಡಿದರೆ ಶೇ 4.6, ಖುಷಿಯಾಗುತ್ತದೆ. ಇಂದಿನ ಬೆಲೆಗೆ ನೋಡಿದರೆ ಬರೀ ಶೇ 2.5. ಮನೆ ಇಟ್ಟುಕೊಳ್ಳುವುದೋ ಮಾರುವುದೋ ಅಂತ ಯೋಚಿಸುವ ದಿನ ಈ ಎರಡನೆಯ ಅಂಕಿಯನ್ನೇ ನೋಡಬೇಕು. ಯಾಕೆಂದರೆ ಈಗ ಆ ಮನೆಯಲ್ಲಿ ಕೂತಿರುವ ನಿಮ್ಮ ದುಡ್ಡು 1080 ಅಲ್ಲ, 2000.